ಬೆಂಗಳೂರಿಗೆ ದೇವಾಲಯ ಬರುತ್ತದೆಂದರೆ, ಹೆಸರುಗಳನ್ನು ಸಿದ್ಧಮಾಡಿಕೊಳ್ಳೋಣ

2018ರ ಏಪ್ರಿಲ್ 1, ಈಸ್ಟರ್ ಭಾನುವಾರ. ಯೇಸು ಕ್ರಿಸ್ತನ ಕಡೇ ದಿನಗಳ ಸಂತರ ಸಭೆಯ ಆಗಿನ ಅಧ್ಯಕ್ಷ ರಸೆಲ್ ಎಂ. ನೆಲ್ಸನ್ ಏಳು ಹೊಸ ದೇವಾಲಯಗಳನ್ನು ಘೋಷಿಸಿದರು. ಆ ಏಳರಲ್ಲಿ ನಮ್ಮ ಬೆಂಗಳೂರೂ ಇತ್ತು. ಭಾರತದಲ್ಲಿ ನಮ್ಮ ಸಭೆಗೆ ಇದೇ ಮೊದಲನೆಯದು! 2020ರ ಡಿಸೆಂಬರ್ 2ರಂದು ಕಟ್ಟಡಕ್ಕೆ ಗುದ್ದಲಿ ಬಿತ್ತು.

ಅಲ್ಲಿಯತನಕ ಇಲ್ಲಿನ ವಿಶ್ವಾಸಿಗಳು ಹಾಂಗ್ ಕಾಂಗ್‌ನ ದೇವಾಲಯಕ್ಕೆ ಹೋಗಬೇಕಿತ್ತು. ಮನೆಮಂದಿಗೆಲ್ಲ ಪಾಸ್‌ಪೋರ್ಟ್, ವಿಮಾನದ ಟಿಕೆಟ್, ರಜೆ ಮೂರೂ ಕೂಡಿ ಬರುವುದು ಸುಲಭವಲ್ಲ. 2019ರಲ್ಲಿ ಆ ದೇವಾಲಯವೂ ನವೀಕರಣಕ್ಕೆಂದು ಮುಚ್ಚಿ, ತೆರೆದದ್ದು 2022ರಲ್ಲಿ. ಗಂಡ, ಹೆಂಡತಿ, ಮಕ್ಕಳು ನಿತ್ಯಕ್ಕೂ ಒಂದಾಗುವ ಸೀಲಿಂಗ್‌ಗಾಗಿ ವರ್ಷಗಟ್ಟಲೆ ದುಡ್ಡು ಕೂಡಿಟ್ಟ ಕುಟುಂಬಗಳಿಗೆ ಆ ಘೋಷಣೆ ಏನೆಂದು ಕೇಳಿಸಿರಬೇಕು! ದೇವರಿಗೆ ಸ್ತೋತ್ರ.

ಸಂತೋಷದ ಜೊತೆಗೆ ಕೆಲಸವೂ ಇದೆ: ತೀರಿಹೋದ ಹಿರಿಯರ ಪರವಾಗಿ ದೇವಾಲಯದಲ್ಲಿ ವಿಧಿ ನಡೆಸಲು ಅವರ ಹೆಸರುಗಳನ್ನು ಸಿದ್ಧಮಾಡಬೇಕು, ನಾವೂ ಸಿದ್ಧರಾಗಬೇಕು. ಭಾನುವಾರದ ಆರಾಧನೆ ಎಂದಿನಂತೆ ಸಭಾಮಂದಿರದಲ್ಲೇ ನಡೆಯುತ್ತದೆ, ಅಂದು ದೇವಾಲಯ ಮುಚ್ಚಿರುತ್ತದೆ. ಪ್ರತಿಷ್ಠೆಗೆ ಮುಂಚಿನ ಓಪನ್ ಹೌಸ್‌ಗೆ ಯಾರು ಬೇಕಾದರೂ ಬರಬಹುದು, ನೆರೆಹೊರೆಯವರನ್ನು ಕರೆಯಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಆಮೇಲೆ ಒಳಗೆ ಹೋಗಲು ಟೆಂಪಲ್ ರೆಕಮೆಂಡ್ ಎಂಬ ಪ್ರವೇಶಪತ್ರ ಬೇಕು. ದೊಡ್ಡವರಿಗೆ ಅದು ಎರಡು ಸಂದರ್ಶನಗಳ ನಂತರ ಸಿಗುತ್ತದೆ: ಮೊದಲು ಸ್ಥಳೀಯ ಸಭೆಯನ್ನು ನಡೆಸುವ ಬಿಷಪ್ ಅಥವಾ ಬ್ರಾಂಚ್ ಅಧ್ಯಕ್ಷರ ಕಡೆ, ಆಮೇಲೆ ಹಲವು ಸಭೆಗಳನ್ನು ನೋಡಿಕೊಳ್ಳುವ ಸ್ಟೇಕ್ ಅಥವಾ ಮಿಷನ್ ಅಧ್ಯಕ್ಷರ ಕಡೆ. ದಶಮಾಂಶ, ಪ್ರಾಮಾಣಿಕತೆ, ಶುದ್ಧ ನಡತೆ, ಕಾಫಿ, ಟೀ, ಮದ್ಯ, ತಂಬಾಕು ಬಿಟ್ಟಿರುವುದು, ಎಲ್ಲವನ್ನೂ ಕೇಳುತ್ತಾರೆ. ಎಂಡೋಮೆಂಟ್, ಅಂದರೆ ದೇವಾಲಯದಲ್ಲಿ ದೇವರೊಡನೆ ಒಡಂಬಡಿಕೆ ಮಾಡಿಕೊಳ್ಳುವ ವಿಧಿ, ಪಡೆದವರ ರೆಕಮೆಂಡ್ ಎರಡು ವರ್ಷಕ್ಕೆ ಮುಗಿಯುತ್ತದೆ. ಹೊರಡುವ ಹಿಂದಿನ ದಿನ ನೋಡಿಕೊಂಡರೆ ಪ್ರಯೋಜನವಿಲ್ಲ. ಹೊಸದಾಗಿ ಸಭೆ ಸೇರಿದವರು ಸ್ವಂತ ಎಂಡೋಮೆಂಟ್‌ಗೆ ಒಂದು ವರ್ಷ ಕಾಯಬೇಕು, ಆದರೆ ತೀರಿಹೋದವರ ಪರವಾಗಿ ದೀಕ್ಷಾಸ್ನಾನಕ್ಕೆ ಅಷ್ಟು ಕಾಯಬೇಕಿಲ್ಲ.

ಆ ದೀಕ್ಷಾಸ್ನಾನದ ತೊಟ್ಟಿ ಹನ್ನೆರಡು ಎತ್ತುಗಳ ಬೆನ್ನ ಮೇಲೆ ನಿಂತಿರುತ್ತದೆ. ಸೊಲೊಮೋನನ ದೇವಾಲಯದ ‘ಎರಕದ ಕಡಲು’ ಎಂಬ ದೊಡ್ಡ ಕಂಚಿನ ತೊಟ್ಟಿಯೂ ಹಾಗೇ ಇತ್ತೆಂದು ಮೊದಲನೆಯ ಅರಸುಗಳ ಪುಸ್ತಕದ 7ನೇ ಅಧ್ಯಾಯ ಹೇಳುತ್ತದೆ. ಇಬ್ಬರು ಸಾಕ್ಷಿಗಳು ಕಣ್ಣಿಟ್ಟು ನೋಡುತ್ತಾರೆ. ಬಿಳಿಬಟ್ಟೆಯ ಅಂಚೋ ಜಡೆಯ ತುದಿಯೋ ನೀರ ಮೇಲೆ ಉಳಿದರೂ ಮತ್ತೊಮ್ಮೆ ಮುಳುಗಿಸಬೇಕು. ಉದ್ದ ಕೂದಲಿನವರು ಮೊದಲೇ ಬಿಗಿಯಾಗಿ ಕಟ್ಟಿಕೊಳ್ಳುವುದು ಒಳ್ಳೆಯದು. ಗಂಡಸರ ಹೆಸರಿಗೆ ಗಂಡಸರೇ, ಹೆಂಗಸರ ಹೆಸರಿಗೆ ಹೆಂಗಸರೇ ನೀರಿಗಿಳಿಯುತ್ತಾರೆ. ಆ ವಿಧಿಯನ್ನು ಒಪ್ಪುವುದು ಬಿಡುವುದು ತೀರಿಹೋದ ಆತ್ಮದ ಸ್ವಂತ ಇಚ್ಛೆ. ಎಂಟು ವರ್ಷಕ್ಕೆ ಮುಂಚೆ ತೀರಿಕೊಂಡ ಮಕ್ಕಳಿಗೆ ದೀಕ್ಷಾಸ್ನಾನವೇ ಬೇಡ, ತಂದೆತಾಯಿಯ ಜೊತೆ ಸೀಲಿಂಗ್ ಆದರೆ ಸಾಕು. ಮಗುವನ್ನು ಕಳೆದುಕೊಂಡ ಮನೆಗೆ ಇದಕ್ಕಿಂತ ದೊಡ್ಡ ಸಮಾಧಾನ ಬೇರೆ ಏನಿದೆ?

ನಮ್ಮವರು ಎಡವುವುದು ಸಭೆಯ ವಂಶಾವಳಿ ಜಾಲತಾಣವಾದ ಫ್ಯಾಮಿಲಿಸರ್ಚ್‌ನಲ್ಲಿ ಹೆಸರು ತುಂಬುವಾಗ. ಅಲ್ಲಿ ಹೆಸರಿಗೊಂದು ಜಾಗ, ಮನೆತನದ ಹೆಸರಿಗೊಂದು ಜಾಗ. ನಮ್ಮಲ್ಲಿ ಎಷ್ಟೋ ಜನಕ್ಕೆ ಇರುವುದು ಊರಿನದೂ ತಂದೆಯದೂ ಇನಿಷಿಯಲ್ ಮಾತ್ರ. ಒಬ್ಬರು ಅದನ್ನೇ ಮನೆತನವೆಂದು ಬರೆದು, ಇನ್ನೊಬ್ಬರು ಬಿಡಿಸಿ ಬರೆದರೆ ಒಬ್ಬರೇ ಅಜ್ಜ ಇಬ್ಬರಾಗುತ್ತಾರೆ, ವಿಧಿಯೂ ಎರಡು ಸಲ ಆಗಿಬಿಡುತ್ತದೆ. ಇನಿಷಿಯಲ್ ಬಿಡಿಸಿ ಬರೆಯಿರಿ, ಅದೇ ಹೆಸರು ಮೊದಲೇ ಇದೆಯೇ ಹುಡುಕಿ. ಅಜ್ಜಿಗೆ ತವರಿನ ಹೆಸರನ್ನೇ ಹಾಕಿ. ಹುಟ್ಟಿದ ದಿನ ಗೊತ್ತಿಲ್ಲದಿದ್ದರೆ ‘ಸುಮಾರು 1920’ ಎಂದು ಹಾಕಬಹುದು. ತಂದೆತಾಯಿಯ ಹೆಸರು ಜೋಡಿಸದಿದ್ದರೆ ಅವರೊಡನೆ ಸೀಲಿಂಗ್ ನಿಂತುಹೋಗುತ್ತದೆ. ಹುಟ್ಟಿ 110 ವರ್ಷ ಆಗಿರದ ವ್ಯಕ್ತಿಗೆ ಹತ್ತಿರದ ಬಂಧುಗಳ ಒಪ್ಪಿಗೆ ಬೇಕು. ಮನೆಯವರು ಬೇರೆ ನಂಬಿಕೆಯವರಾದರೆ ಕೂತು, ತಾಳ್ಮೆಯಿಂದ ವಿವರಿಸಿ, ಒಪ್ಪದಿದ್ದರೆ ಬಲವಂತ ಬೇಡ.

ಕಾಗದಕ್ಕಿಂತ ಹೆಚ್ಚು ಹಿರಿಯರ ನೆನಪಿನಲ್ಲಿದೆ. ತಲೆಮಾರುಗಳಿಂದ ಕ್ರೈಸ್ತರಾಗಿರುವ ಮನೆಗಳಿಗೆ ಚರ್ಚಿನ ಹಳೆಯ ದೀಕ್ಷಾಸ್ನಾನದ ದಾಖಲೆ ಸಹಾಯಕ್ಕೆ ಬರುತ್ತದೆ. ಉಳಿದವರಿಗೆ ಉತ್ತರ ಕರ್ನಾಟಕದ ಕಡೆ ಎತ್ತಿನೊಡನೆ ಬಂದು ಮನೆತನದ ತಲೆಮಾರುಗಳನ್ನು ಹೇಳುವ ಹೆಳವರು ಇದ್ದಾರೆ. ಅವರು ಬಂದಾಗ ಕಾಳು ಕೊಟ್ಟು ಕಳಿಸುವುದಷ್ಟೇ ಅಲ್ಲ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಅಂದೇ ಬರೆದಿಡಿ. ಮೊದಲು ನಾಲ್ಕು ತಲೆಮಾರು ಪೂರ್ತಿ ಮಾಡಿ, ಆಮೇಲೆ ಮೇಲಕ್ಕೆ ಹೋಗಿ.