ತೆನೆ ಮನೆಗೆ ಬಂದ ಮೂರು ದಿನ

"ಅದನ್ನು ಕೆಳಗೆ ಇಡಬೇಡಿ ಮಾರಾಯ್ರೇ. ಕಾಲು ತಾಗ್ತದೆ."

ಆಟೋದವರು ಹಿಂದೆ ತಿರುಗಿ ಹೀಗೆ ಹೇಳಿದಾಗ ನನ್ನ ಕೈಯಲ್ಲಿ ಎರಡು ಕಬ್ಬಿನ ಜಲ್ಲೆ, ತರಕಾರಿಯ ಎರಡು ಚೀಲ, ಸೇವಂತಿಗೆಯ ಒಂದು ಪೊಟ್ಟಣ ಇತ್ತು. ಭತ್ತದ ತೆನೆಯ ಕಟ್ಟನ್ನು ಕಾಲ ಹತ್ತಿರ ಇಟ್ಟಿದ್ದೆ. ಅವರೇ ಕೈ ಚಾಚಿ ತಗೊಂಡು ಮುಂದಿನ ಗಾಜಿನ ಬುಡದಲ್ಲಿ, ಅರಬಿ ಅಕ್ಷರದ ಒಂದು ಚಿಕ್ಕ ಸ್ಟಿಕ್ಕರಿನ ಪಕ್ಕ, ಮೆಲ್ಲಗೆ ಇಟ್ಟರು. "ಅನ್ನ ಅಲ್ವಾ" ಅಂದರು.

2024ರ ಸೆಪ್ಟೆಂಬರ್ 6, ಶುಕ್ರವಾರ ಸಂಜೆ. ಮಂಗಳೂರಿನ ಹಂಪನಕಟ್ಟೆಯಲ್ಲಿ ನಿಲ್ಲಲು ಜಾಗ ಇರಲಿಲ್ಲ. ಮರುದಿನ ಚೌತಿ. ಅದರ ಮರುದಿನ ಕ್ರೈಸ್ತರ ಮೊಂತಿ ಫೆಸ್ತ್, ಅಂದರೆ ಮೇರಿ ಮಾತೆಯ ಹುಟ್ಟುಹಬ್ಬ. ಚೌತಿ ಪಂಚಾಂಗ ನೋಡಿಕೊಂಡು ಬರುತ್ತದೆ, ಮೊಂತಿ ಮಾತ್ರ ಪ್ರತಿ ವರ್ಷ ಸೆಪ್ಟೆಂಬರ್ 8ಕ್ಕೇ. ಆ ವರ್ಷ ಒಂದರ ಬೆನ್ನಿಗೆ ಇನ್ನೊಂದು ಬಂದಿತ್ತು. 15ಕ್ಕೆ ಓಣಂ, 16ಕ್ಕೆ ಈದ್ ಮಿಲಾದ್ ಬೇರೆ. ಫುಟ್‌ಪಾತಿನಲ್ಲಿ ಹಾಸನ, ಚಿಕ್ಕಮಗಳೂರು ಕಡೆಯ ಹೂವಿನವರು ರಾಶಿ ಹಾಕಿಕೊಂಡು ಕೂತಿದ್ದರು. "ಬನ್ನಿ ಅಣ್ಣಾ, ಮಾರು ಹೂವು ತಗೊಳಿ" ಅನ್ನುವ ಅವರ ಕನ್ನಡ ಕೇಳಿದರೆ ನನಗೆ ಸುಮ್ನೆ ನಿಂತುಬಿಡೋಣ ಅನಿಸುತ್ತದೆ. ನಾನು ದಾವಣಗೆರೆ ಹತ್ತಿರದ ಹಳ್ಳಿಯವನು. ಬ್ಯಾಂಕ್ ಕೆಲಸಕ್ಕೆ ಈ ಊರಿಗೆ ಬಂದು ಆಗ ನಾಲ್ಕು ವರ್ಷ.

ಚೀಲಗಳು ಯಾವುವೂ ನನ್ನವಲ್ಲ. ನಾನಿರುವುದು ಒಬ್ಬ ಕೊಂಕಣಿ ಕ್ರೈಸ್ತ ಅಮ್ಮನ ಮನೆಯ ಮಾಳಿಗೆಯಲ್ಲಿ. ಎಲ್ಲರೂ ಅವರನ್ನು ಬಾಯಮ್ಮ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಮೊಣಕಾಲು ನೋವಿನಿಂದ ಅವರಿಗೆ ಮಾರ್ಕೆಟ್ಟಿಗೆ ಹೋಗಲು ಆಗುವುದಿಲ್ಲ. ತರಕಾರಿ ಅವರದು. ತೆನೆ, ಕಬ್ಬು, ಹೂವು ಎದುರುಮನೆಯ ತುಳು ಮಾತಾಡುವ ಅಕ್ಕನದು. "ಹೇಗೂ ಹೋಗ್ತೀರಲ್ಲ, ನನಗೊಂದು ಕಟ್ಟು ಕುರಲ್ ತನ್ನಿ" ಅಂದಿದ್ದರು. ಕುರಲ್ ಅಂದರೆ ತುಳುವಿನಲ್ಲಿ ತೆನೆ.

ಆಟೋದವರು ಕರಾವಳಿಯ ಮುಸ್ಲಿಮರ ಬ್ಯಾರಿ ಭಾಷೆಯಲ್ಲಿ ಯಾರಿಗೋ ಫೋನ್ ಮಾಡಿ ಮುಗಿಸಿ ಮತ್ತೆ ನನ್ನ ಕಡೆ ಬಂದರು. ಅವರ ಮನೆ ಫರಂಗಿಪೇಟೆ. "ಈ ಮೊಂತಿ ಹಬ್ಬ ಶುರುವಾದದ್ದೇ ನಮ್ಮಲ್ಲಿ. ಗೊತ್ತುಂಟಾ ನಿಮಗೆ?" ನನಗೆ ಗೊತ್ತಿರಲಿಲ್ಲ. ಆಮೇಲೆ ಬಾಯಮ್ಮನನ್ನು ಕೇಳಿದರೆ ಅವರೂ ಹೌದು ಅಂದರು. ಫರಂಗಿಪೇಟೆಯಲ್ಲಿ ನೇತ್ರಾವತಿಯ ದಂಡೆ ಹತ್ತಿರದ ಗುಡ್ಡದ ಮೇಲೆ ಮೊಂತೆ ಮರಿಯಾನೊ ಇಗರ್ಜಿ, ಅಂದರೆ ಚರ್ಚು, ಇದೆ. ಮೊಂತೆ ಅಂದರೆ ಪೋರ್ಚುಗೀಸ್ ಮಾತಿನಲ್ಲಿ ಗುಡ್ಡ. 1763ರಲ್ಲಿ ಗೋವೆಯ ಪಾದ್ರಿ ಜೋಕಿಂ ಮಿರಾಂದಾ ಅಲ್ಲಿ ಈ ಹಬ್ಬ ಶುರು ಮಾಡಿದರು ಎಂದು ಇಲ್ಲಿಯವರು ಹೇಳುತ್ತಾರೆ. ಮೇರಿ ಮಾತೆಯ ಹುಟ್ಟುಹಬ್ಬ ಜಗತ್ತಿನ ಎಲ್ಲಾ ಕಡೆ ಇದೆ. ಇಲ್ಲಿ ಅದರ ಜೊತೆ ಭತ್ತದ ತೆನೆ ಸೇರಿಕೊಂಡಿತು.

ಚರ್ಚಿನ ಹಬ್ಬದ ಕಥೆಯನ್ನು ಆ ಬ್ಯಾರಿ ಅಣ್ಣ "ನಮ್ಮಲ್ಲಿ" ಅಂತ ಹೆಮ್ಮೆಯಿಂದ ಹೇಳಿದ್ದು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ಈ ಊರಿನ ಹೆಸರು ಟಿವಿಯಲ್ಲಿ ಜಾಸ್ತಿ ಬರುವುದು ಗಲಾಟೆ ಆದಾಗ. ಆ ಗಲಾಟೆಗಳು ಸುಳ್ಳಲ್ಲ. ಅದರಿಂದ ಮನೆ ಮನೆಗೆ ಎಷ್ಟು ನೋವಾಗಿದೆ ಅಂತ ಇಲ್ಲಿರುವವರಿಗೆ ಗೊತ್ತು. ಆದರೆ ಕಾಲ ಬುಡದಿಂದ ತೆನೆ ಎತ್ತಿದ ಕೈ ಯಾವ ಸುದ್ದಿಯಲ್ಲೂ ಬರುವುದಿಲ್ಲ. ಇದನ್ನು ಬರೆಯಬೇಕು ಅನಿಸಿದ್ದು ಅದಕ್ಕೇ.

ಶನಿವಾರ ಬೆಳಗ್ಗೆ ಅಕ್ಕ ಕರೆದರು. ತುಳಸಿಕಟ್ಟೆಯ ಮುಂದೆ ದೀಪ ಹಚ್ಚಿ, ಗೆರಸೆಯಲ್ಲಿ ತೆನೆ ಇಟ್ಟಿದ್ದರು. ಅವರ ಗಂಡ ಅದನ್ನು ತಲೆ ಮೇಲೆ ಹೊತ್ತು ಒಳಗೆ ತಂದರು. ಒಂದೊಂದು ತೆನೆಯನ್ನೂ ಮಾವು, ಹಲಸು, ಬಿದಿರಿನ ಎಲೆಯ ಜೊತೆ ಸೇರಿಸಿ ನಾರಿನಿಂದ ಕಟ್ಟುವುದು. ಆಮೇಲೆ ಅದನ್ನು ಬಾಗಿಲಿಗೆ, ಅಕ್ಕಿ ಡಬ್ಬಿಗೆ, ಬಾವಿಯ ರಾಟೆಗೆ ಕಟ್ಟುವುದು. ಅಕ್ಕನ ತವರಿನಲ್ಲಿ ನೊಗ, ನೇಗಿಲಿಗೂ ಕಟ್ಟುತ್ತಿದ್ದರಂತೆ. ಈಗ ಗದ್ದೆ ಇಲ್ಲ, ಅಲ್ಲಿ ಫ್ಲ್ಯಾಟ್ ಎದ್ದಿದೆ. ನೇಗಿಲಿಗೆ ಕಟ್ಟುತ್ತಿದ್ದ ತೆನೆಯನ್ನು ಅಕ್ಕನ ಮಗ ಸ್ಕೂಟರಿಗೆ ಕಟ್ಟಿದ.

ನಾನು ಒಂದು ಕಾಳನ್ನು ಉಗುರಿನಿಂದ ಒತ್ತಿ ನೋಡಿದೆ. ಹಾಲು ಬಂತು. ಇನ್ನೂ ಹಸಿ. ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ಮನೆಯವನು ನಾನು. ನಮ್ಮಲ್ಲಿ ತೆನೆ ಬಾಗಿ ಬಂಗಾರದ ಬಣ್ಣ ಬರುವವರೆಗೆ ಯಾರೂ ಕುಡುಗೋಲು ಹಿಡಿಯುವುದಿಲ್ಲ. ಸೀಗೆ ಹುಣ್ಣಿಮೆಗೆ ಹೊಲಕ್ಕೆ ಹೋಗಿ ಬೆಳೆಗೆ ಪೂಜೆ ಮಾಡಿ, ಚರಗ ಚೆಲ್ಲಿ (ಹಬ್ಬದ ಅಡುಗೆಯನ್ನು ಹೊಲಕ್ಕೆ ಎರಚಿ), ಅಲ್ಲೇ ಉಂಡು ಬರುತ್ತೇವೆ. ನಮ್ಮಲ್ಲಿ ನಾವು ಬೆಳೆಯ ಹತ್ತಿರ ಹೋಗುತ್ತೇವೆ, ಇಲ್ಲಿ ಬೆಳೆಯನ್ನು ಮನೆಗೆ ಕರೆಯುತ್ತಾರೆ. ಇದನ್ನು ಹೇಳಿದಾಗ ಅಕ್ಕ, "ಹೌದಾ, ಚರಗದಲ್ಲಿ ಏನೇನು ಹಾಕ್ತೀರಿ?" ಅಂತ ಒಂದೊಂದನ್ನೇ ಕೇಳಿದರು. ನನ್ನ ಊರಿನ ಹಬ್ಬದ ಬಗ್ಗೆ ಇಲ್ಲಿ ಯಾರಾದರೂ ಅಷ್ಟು ಆಸೆಯಿಂದ ಕೇಳಿದ್ದು ಅದೇ ಮೊದಲು. ನಮ್ಮ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಎಲ್ಲರೂ ಅವರವರ ಊರಿನ ಉಡುಪು ಹಾಕಿಕೊಂಡು ಬರುವ ದಿನ ಇದೆ. ಅದೂ ಚೆನ್ನಾಗಿರುತ್ತದೆ. ಆದರೆ ಅಲ್ಲಿ ಫೋಟೋ ತೆಗೆದ ಮೇಲೆ ಮಾತು ಮುಗಿಯುತ್ತದೆ.

ಭಾನುವಾರ ಬಾಯಮ್ಮನ ಕೈ ಹಿಡಿದು ಇಗರ್ಜಿಗೆ ಹೋದೆ. ಆಗಸ್ಟ್ 30ರಿಂದ ಒಂಬತ್ತು ದಿನ ಓಣಿಯ ಮಕ್ಕಳು ಬುಟ್ಟಿಯಲ್ಲಿ ಹೂವು ತಗೊಂಡು ಹೋಗುವುದನ್ನು ಮಾಳಿಗೆಯಿಂದ ನೋಡುತ್ತಿದ್ದೆ. ಅಂದು ಹತ್ತಿರದಿಂದ ನೋಡಿದೆ. ಬಾಲ ಮೇರಿಯ ಪುಟ್ಟ ಮೂರ್ತಿಯ ಮುಂದೆ ಮಕ್ಕಳು ಹಾಡುತ್ತಾ ಹೂವು ಹಾಕಿದರು. ಪಾದ್ರಿಗಳು ತೆನೆಗೆ ಆಶೀರ್ವಾದ ಮಾಡಿದರು. ಮನೆಗೊಂದರಂತೆ ತೆನೆ ಹಂಚಿದರು, ಮಕ್ಕಳಿಗೆ ಕಬ್ಬು ಕೊಟ್ಟರು. ಹಿಂದಿನ ದಿನ ಅಕ್ಕನ ಗೆರಸೆಯಲ್ಲಿದ್ದಂಥದೇ ಹಸಿರು ತೆನೆ. ಇಲ್ಲಿ ಅದರ ಹೆಸರು ನವೆಂ. ಕೊಂಕಣಿಯಲ್ಲಿ ಹಾಗಂದರೆ ಹೊಸತು.

ಮನೆಗೆ ಬಂದು ಬಾಯಮ್ಮ ಕಾಳು ಸುಲಿದರು. ಕೈ ನಡುಗುತ್ತಿತ್ತು, ಆದರೂ ಯಾರಿಗೂ ಕೊಡಲಿಲ್ಲ. ಮೊದಲು ನಾಲ್ಕೈದು ಕಾಳನ್ನು ಎರಡು ಲಕೋಟೆಗೆ ಹಾಕಿ ಅಂಟಿಸಿದರು. ಒಂದು ದುಬೈಯಲ್ಲಿರುವ ಮಗನಿಗೆ, ಇನ್ನೊಂದು ಕೆನಡಾದಲ್ಲಿರುವ ಮಗಳಿಗೆ. ಉಳಿದದ್ದನ್ನು ಪುಡಿ ಮಾಡಿ ಹಾಲಿಗೆ ಹಾಕಿದರು. ಆ ಮನೆಗೆ ಅವರೇ ಹಿರಿಯರು, ಅವರೇ ಪ್ರಾರ್ಥನೆ ಹೇಳಿದರು. ತೀರಿಹೋದವರ ಹೆಸರು, ದೂರ ಇರುವವರ ಹೆಸರು ಒಂದೊಂದಾಗಿ ಹೇಳಿದರು. ಕೊನೆಗೆ ನನ್ನ ಹೆಸರು ಬಂತು. ನಾನು ಅದನ್ನು ನಿರೀಕ್ಷಿಸಿರಲಿಲ್ಲ. ಗಂಟಲು ಕಟ್ಟಿತು.

"ತಗೋ ಪುತಾ" ಅಂತ ಹಾಲು ಕೊಟ್ಟರು.

ನಾನು ಸಸ್ಯಾಹಾರಿ. ಬಾಯಮ್ಮನ ಅಡುಗೆಮನೆಯಲ್ಲಿ ಮೀನಿಲ್ಲದ ದಿನ ಕಡಿಮೆ. ಪ್ರೀತಿಯಿಂದ ಕರೆಯುತ್ತಿದ್ದರು, ನಾನು ಏನೋ ನೆಪ ಹೇಳಿ ಮೇಲೆ ಹೋಗುತ್ತಿದ್ದೆ. ಆ ಸಂಕಟ ಇಬ್ಬರಿಗೂ ಇತ್ತು. ಮೊಂತಿಯ ದಿನ ಮಾತ್ರ ಅವರ ಮನೆಯಲ್ಲಿ ಮೀನೂ ಇಲ್ಲ, ಮಾಂಸವೂ ಇಲ್ಲ. ಬಾಳೆ ಎಲೆಯಲ್ಲಿ ಬರೀ ತರಕಾರಿ ಊಟ, ಬಗೆಗಳು ಬೆಸ ಸಂಖ್ಯೆಯಲ್ಲಿ ಇರಬೇಕು. ಅಂದು ಐದು ಇತ್ತು. ಹರಿವೆ, ಅಲಸಂಡೆ, ಹೀರೆಕಾಯಿ, ಬೆಂಡೆ, ಅಂಬಟೆ. ಅಂಬಟೆಯ ಹುಳಿ ನನಗೆ ಹೊಸದು, ಎರಡು ಸಲ ಹಾಕಿಸಿಕೊಂಡೆ. ಊಟದ ನಡುವೆ ಅಕ್ಕ ಹಲಸಿನ ಎಲೆಯಲ್ಲಿ ಬೇಯಿಸಿದ ಕಡುಬಿನ, ಇಲ್ಲಿಯವರು ಕೊಟ್ಟಿಗೆ ಅನ್ನುವುದರ, ಪಾತ್ರೆ ಹಿಡಿದುಕೊಂಡು ಬಂದರು. ಬಾಯಮ್ಮ ಅವರ ಜೊತೆ ತುಳು, ನನ್ನ ಜೊತೆ ಕನ್ನಡ, ಫೋನಿನಲ್ಲಿದ್ದ ಮಗಳ ಜೊತೆ ಕೊಂಕಣಿ ಮಾತಾಡುತ್ತಾ ಒಂದು ಸಲವೂ ತಡವರಿಸಲಿಲ್ಲ. ಮಂಗಳೂರು ಒಬ್ಬರಿಗೆ ಕುಡ್ಲ, ಒಬ್ಬರಿಗೆ ಕೊಡಿಯಾಲ್, ಆಟೋದ ಅಣ್ಣನಿಗೆ ಮೈಕಾಲ. ಊರು ಒಂದೇ.

ಹೊರಡುವಾಗ ಅಕ್ಕ ಎಲೆ ಸುತ್ತಿದ ಒಂದು ತೆನೆ ಕೊಟ್ಟರು. ಬಾಯಮ್ಮನೂ ಮೂರ್ನಾಲ್ಕು ಕಾಳು ಕಾಗದದಲ್ಲಿ ಮಡಚಿ ಕೊಟ್ಟರು. ತೆನೆಯನ್ನು ನನ್ನ ಬಾಗಿಲಿಗೆ ಕಟ್ಟಿದೆ.

ಅಕ್ಟೋಬರ್ 17, ಸೀಗೆ ಹುಣ್ಣಿಮೆ. ಒಣಗಿದ ತೆನೆಯನ್ನು ಬಿಚ್ಚಿಕೊಂಡು ಊರಿಗೆ ಒಯ್ದೆ. ಹೊಲದಲ್ಲಿ ಚರಗ ಚೆಲ್ಲಿ ಆದ ಮೇಲೆ ಅಪ್ಪನ ಕೈಗೆ ಕೊಟ್ಟೆ. ಅವರು ನಾಲ್ಕು ಕಾಳು ಉದುರಿಸಿ ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಬಿಸಿಲಿಗೆ ಹಿಡಿದು ನೋಡಿದರು.

"ಕೆಂಪಕ್ಕಿ ಐತಲ್ಲೋ ಇದು. ನಮ್ಮ ನೀರಿಗೆ ಬರ್ತೈತಾ?"

"ಗೊತ್ತಿಲ್ಲಪ್ಪ. ಹಾಕಿ ನೋಡೋಣ?"

"ಕಾಳು ಪೂರ್ತಿ ಕಟ್ಟಿಲ್ಲ, ಇದು ಮೊಳೆಯಲ್ಲ. ಬರೋ ವರ್ಷ ಆ ಅಮ್ಮಾರಿಗೆ ಹೇಳಿ, ಬಲಿತದ್ದು ಒಂದು ಹಿಡಿ ತಾ."