ಜಪಾನಿನಲ್ಲಿ ಭೂಕಂಪಕ್ಕೆ ಭಯ ಆಗಲ್ವಾ?

ಜಪಾನಿನ ತೊಯಾಮಾ ಪ್ರಾಂತ್ಯದ ಒಂದು ಪ್ರಾಥಮಿಕ ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುತ್ತೇನೆ ಅಂದರೆ ಸಾಕು, ಊರ ಕಡೆಯವರ ಮೊದಲ ಪ್ರಶ್ನೆ ಇದೇ: "ಅಲ್ಲಿ ಯಾವಾಗ ನೋಡಿದರೂ ಭೂಕಂಪ ಅಂತೆ, ಭಯ ಆಗಲ್ವಾ?"

ಆಗುತ್ತದೆ. ಆದರೆ ನೆಲ ಅಲುಗುವ ಆ ಒಂದೆರಡು ನಿಮಿಷಕ್ಕಿಂತ ಆಮೇಲಿನ ದಿನಗಳದ್ದೇ ಭಯ ಜಾಸ್ತಿ.

ನಮ್ಮ ಟಿವಿಯಲ್ಲಿ "ಜಪಾನಿನಲ್ಲಿ 7.1 ತೀವ್ರತೆಯ ಭೂಕಂಪ" ಅಂತ ಬಂದರೆ ಅಮ್ಮ ಫೋನ್ ಹಿಡಿದು ಕೂರುತ್ತಾರೆ. ಆ 7.1 ಇಡೀ ಭೂಕಂಪದ ಬಲದ ಲೆಕ್ಕ, ಅಂದರೆ ಮ್ಯಾಗ್ನಿಟ್ಯೂಡ್. ಇಲ್ಲಿನ ಟಿವಿ ಮೊದಲು ಹೇಳುವುದು ಶಿಂದೊ, ಅಂದರೆ ಯಾವ ಊರಿನ ನೆಲ ಎಷ್ಟು ಅಲುಗಿತು ಅನ್ನುವ ಬೇರೆಯೇ ಲೆಕ್ಕ. 0ಯಿಂದ 7ರವರೆಗೆ ಇರುತ್ತದೆ. 2024ರ ಆಗಸ್ಟ್ 8ರಂದು 7.1ರ ಭೂಕಂಪ ಆದದ್ದು ದೂರದ ಕ್ಯೂಶು ದ್ವೀಪದ ಕಡೆಯ ಸಮುದ್ರದಲ್ಲಿ. ತೊಯಾಮಾ ಎಲ್ಲೋ, ಕ್ಯೂಶು ಎಲ್ಲೋ!

ಶಾಲೆಯಲ್ಲಿದ್ದಾಗ ನನಗೆ ಧೈರ್ಯ. ಅಣಕು ಕವಾಯತಿನ ದಿನ ಮೈಕಿನಲ್ಲಿ ಸೂಚನೆ ಬಂದ ಕೂಡಲೇ ಮಕ್ಕಳೆಲ್ಲ ಡೆಸ್ಕಿನ ಕೆಳಗೆ. ಸುಮ್ನೆ ಕೂರುವುದಲ್ಲ, ಡೆಸ್ಕಿನ ಕಾಲನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿಯಬೇಕು. ಇಲ್ಲದಿದ್ದರೆ ಅಲುಗಾಟಕ್ಕೆ ಡೆಸ್ಕೇ ಜಾರಿ ಹೋಗುತ್ತದೆ, ತಲೆ ಬಯಲಾಗುತ್ತದೆ. ಆಮೇಲೆ ಸಾಲಾಗಿ ಮೈದಾನಕ್ಕೆ. ತಳ್ಳಬಾರದು, ಓಡಬಾರದು, ಮಾತಾಡಬಾರದು, ಬಿಟ್ಟು ಬಂದದ್ದನ್ನು ತರಲು ವಾಪಸ್ ಹೋಗಬಾರದು. ಒಂದನೇ ಕ್ಲಾಸಿನ ಮಗುವಿಗೂ ಇದು ಬಾಯಿಪಾಠ. ಎಲ್ಲರೂ ಸೇರಲು ಎಷ್ಟು ನಿಮಿಷ ಹಿಡಿಯಿತು ಅಂತ ಹೆಡ್‌ಮಾಸ್ಟರ್ ಹೇಳುತ್ತಾರೆ. ನಮ್ಮ ಶಾಲೆಗಳಲ್ಲೂ ಇಷ್ಟು ಮಾಡಬಹುದು, ಖರ್ಚೇನೂ ಇಲ್ಲ.

ನನ್ನ ಚಿಂತೆಯೆಲ್ಲ ವಯಸ್ಸಾದವರದ್ದು. 2024ರ ಜನವರಿ 1ರ ಸಂಜೆ ಪಕ್ಕದ ನೊತೊ ಪರ್ಯಾಯ ದ್ವೀಪದಲ್ಲಿ 7.6ರ ಭೂಕಂಪವಾಯಿತು. ಭಾರದ ಹೆಂಚಿನ ಹಳೇ ಮರದ ಮನೆಗಳು ಕುಸಿದವು. ಕಲಬುರಗಿ, ಬೀದರ್ ಕಡೆಯ ಹಿರಿಯರಿಗೆ 1993ರ ಲಾತೂರು ನೆನಪಿರಬಹುದು. ಅಲ್ಲಿಯೂ ಮಲಗಿದ್ದ ಜನರ ಮೇಲೆ ಬಿದ್ದದ್ದು ಅವರ ಮನೆಗಳೇ ಅಲ್ವಾ? ನೊತೊದಲ್ಲಿ ರಸ್ತೆ ಒಡೆದು ಹಳ್ಳಿಗಳು ಒಂಟಿಯಾದವು. ಕೆಲವು ಕಡೆ ತಿಂಗಳುಗಟ್ಟಲೆ ನಲ್ಲಿ ನೀರಿರಲಿಲ್ಲ. ಚಳಿಗಾಲ ಬೇರೆ. ಕೊನೆಗೆ, ಭೂಕಂಪದಲ್ಲಿ ನೇರವಾಗಿ ಸತ್ತವರಿಗಿಂತ ಆಮೇಲಿನ ಕಷ್ಟಕ್ಕೆ ಸಿಕ್ಕಿ ತೀರಿಕೊಂಡವರೇ ಹೆಚ್ಚಾದರು. ಅವರಲ್ಲಿ ಬಹುಪಾಲು ವೃದ್ಧರು. ಇದನ್ನು ನೆನೆದರೆ ಈಗಲೂ ಹೊಟ್ಟೆ ಕಿವುಚುತ್ತದೆ.

ಅದಕ್ಕೇ ನನಗೆ ದೊಡ್ಡ ಪತ್ರಿಕೆಗಿಂತ ಕೈರಾನ್‌ಬಾನ್ ಮುಖ್ಯ. ಬೀದಿಯ ಸುದ್ದಿ ಸಿಕ್ಕಿಸಿದ ಒಂದು ಕಡತ ಅದು, ಮನೆಯಿಂದ ಮನೆಗೆ ಹೋಗುತ್ತದೆ. ಚರಂಡಿ ಸ್ವಚ್ಛ ಮಾಡುವ ಭಾನುವಾರ, ಕರಡಿ ಕಂಡ ಜಾಗ, ಮುಂದಿನ ಕವಾಯತಿನ ದಿನ, ಎಲ್ಲ ಅದರಲ್ಲೇ. ಓದಿ ಗುರುತು ಹಾಕಿ ಮುಂದಿನ ಮನೆಗೆ ಕೊಡಬೇಕು. ನನ್ನ ಮುಂದಿನ ಮನೆಯಲ್ಲಿ ಒಬ್ಬರೇ ಇರುವ ಅಜ್ಜಿ. ಬಾಗಿಲಲ್ಲಿ ಇಟ್ಟು ಬರಬಹುದು, ಆದರೆ ನಾನು ಕರೆದು ಕೈಗೇ ಕೊಡುತ್ತೇನೆ. ಅವರು ಯಾವ ಕೋಣೆಯಲ್ಲಿ ಮಲಗುತ್ತಾರೆ ಅಂತ ನನಗೆ ಗೊತ್ತಿದೆ. ಹೀಗೆ ಗೊತ್ತಿರುವುದು ಇಲ್ಲಿ ಬಹಳ ದೊಡ್ಡ ವಿಷಯ.

ಅಮ್ಮನಿಗೂ ಹೇಳಿದ್ದೇನೆ: ಸುದ್ದಿ ಬಂದರೆ ಮೊದಲು ತೊಯಾಮಾದ ಶಿಂದೊ ನೋಡು. ಫೋನ್ ಸಿಗದಿದ್ದರೆ ಸ್ವಲ್ಪ ಕಾಯಿ, ಅಜ್ಜಿ ಮನೆಗೆ ಹೋಗಿರುತ್ತೇನೆ.