ಬೇಸ್ ನುಡಿಸುವವರ ಹೆಸರಿನ ಬ್ಯಾಂಡು

ಮಂಡ್ಯದ ಗಣೇಶನ ಪೆಂಡಾಲುಗಳಲ್ಲಿ 11 ವರ್ಷದಿಂದ ಬೇಸ್ ಗಿಟಾರ್ ನುಡಿಸುತ್ತಿದ್ದೇನೆ. ನಮ್ಮಣ್ಣ ಡ್ರಮ್ಸ್. ಕಾರ್ಯಕ್ರಮ ಮುಗಿದರೆ ಜನ ಗಾಯಕರ ಸುತ್ತ ಸೆಲ್ಫಿಗೆ ನಿಲ್ಲುತ್ತಾರೆ. ನಾವಿಬ್ಬರೂ ವೈರು ಸುತ್ತುತ್ತಾ ಇರುತ್ತೇವೆ. ಅದಕ್ಕೇ ಏನೋ, ಕೂಲ್ ಅಂಡ್ ದ ಗ್ಯಾಂಗ್ ಎಂಬ ಬ್ಯಾಂಡು ಅಂದರೆ ನನಗೆ ಪ್ರಾಣ. ಆ ಹೆಸರಿನಲ್ಲಿರುವ 'ಕೂಲ್' ಬೇಸ್ ನುಡಿಸುವ ರಾಬರ್ಟ್ ಬೆಲ್!

ಅಮೆರಿಕದ ಜರ್ಸಿ ಸಿಟಿಯಲ್ಲಿ 1964ರಲ್ಲಿ ರಾಬರ್ಟ್, ಅವರ ತಮ್ಮ ರೊನಾಲ್ಡ್ ಮತ್ತು ಗೆಳೆಯರು ಸೇರಿ ಕಟ್ಟಿದ ತಂಡ ಇದು. ಮೊದಲು ಜಾಜ್ ನುಡಿಸುತ್ತಿದ್ದರು. ಆಮೇಲೆ ಫಂಕ್ ಹಿಡಿದರು, ಅಂದರೆ ಬೇಸ್, ಡ್ರಮ್ಸ್ ಮುಂದೆ ನಿಂತು ಕುಣಿಸುವ ಸಂಗೀತ. 1973ರ ಆಲ್ಬಂನಲ್ಲಿ 'ಜಂಗಲ್ ಬೂಗಿ', 'ಹಾಲಿವುಡ್ ಸ್ವಿಂಗಿಂಗ್' ಎರಡೂ ಇವೆ.

'ಹಾಲಿವುಡ್ ಸ್ವಿಂಗಿಂಗ್' ಕಲಿಯಲು ನನಗೆ ಒಂದು ಮಳೆಗಾಲವೇ ಹಿಡಿಯಿತು. ಮನೆ ಮಹಡಿಯ ಶೀಟಿನ ರೂಮಿನಲ್ಲಿ ಪ್ರಾಕ್ಟೀಸ್. ದಪ್ಪ ತಂತಿ ಮೀಟಿದರೆ ಮೇಲಿನ ತಗಡು ಗುಂಯ್ ಅನ್ನುತ್ತಿತ್ತು. ಒಂದು ದಿನ ಅಣ್ಣ ಕೋಲು ಕೆಳಗಿಟ್ಟ. "ಲೋ, ಸುಮ್ನೆ ತುಂಬಬೇಡ ಕಣೋ. ಜಾಗ ಬಿಡು. ನೀನು ಬಿಟ್ಟ ಕಡೆ ನನ್ನ ಕಾಲಿನ ಡ್ರಮ್ಮು, ಆ ಕಿಕ್ ಕೇಳಬೇಕು." ಎಡಗೈ ಬೆರಳನ್ನು ಸಡಿಲ ಮಾಡಿ ತಂತಿ ಮೇಲೆ ಹಾಗೇ ಇಟ್ಟೆ. ಸ್ವರ ಟಕ್ಕಂತ ನಿಂತಿತು. ತಗಡೂ ಸುಮ್ಮನಾಯಿತು. ಆಗ ಕಿವಿಗೆ ಬಿದ್ದ ಆ ಖಾಲಿ ಜಾಗವೇ ಫಂಕ್ ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ.

ಆಮೇಲೆ ಡಿಸ್ಕೊ ಬಂತು. ಇವರ ಹಾಡುಗಳ ಓಟ ಕಮ್ಮಿಯಾಯಿತು. 1979ರಲ್ಲಿ ಜೆ.ಟಿ. ಟೇಲರ್ ಎಂಬ ಗಾಯಕರನ್ನು ಕರೆತಂದರು. ಬ್ರೆಜಿಲ್‌ನ ಡಿಯೊಡಾಟೊ ಪ್ರೊಡ್ಯೂಸರ್ ಆದರು. 'ಲೇಡೀಸ್ ನೈಟ್' ಬಂತು, ಮರುವರ್ಷ 'ಸೆಲೆಬ್ರೇಷನ್'. ಅದು 1981ರಲ್ಲಿ ಅಮೆರಿಕದಲ್ಲಿ ನಂಬರ್ ಒನ್. ಫಂಕ್ ಬಿಟ್ಟು ಜಾಸ್ತಿ ಸಿಹಿಯಾದರು ಅಂತ ಕೆಲವರಿಗೆ ಬೇಸರ. ನಾನು ಒಪ್ಪುವುದಿಲ್ಲ. ಕುಣಿಯುವವರು ಎದುರಿಗಿದ್ದಾಗ ಅವರ ಕಾಲು ನೋಡಿ ನುಡಿಸಬೇಕು, ಅಲ್ವಾ? ಅಣ್ಣಾವ್ರ ಹಾಡಿನ ಹಿಂದೆಯೇ ಟಪ್ಪಾಂಗುಚ್ಚಿ ಎತ್ತಿಕೊಳ್ಳುವ ನಮಗೆ ಅದು ಚೆನ್ನಾಗಿ ಗೊತ್ತು.

2020ರ ಸೆಪ್ಟೆಂಬರ್‌ನಲ್ಲಿ ರೊನಾಲ್ಡ್ ತೀರಿಕೊಂಡರು. ಆ ವರ್ಷದ ಗಣೇಶನಿಗೆ ನಮಗೆ ಒಂದೂ ಬುಕಿಂಗ್ ಇರಲಿಲ್ಲ. ಸುದ್ದಿ ಓದಿ ಫೋನನ್ನು ಅಣ್ಣನ ಕೈಗೆ ಕೊಟ್ಟೆ. ಅವನು ಓದಿ, ಏನೂ ಹೇಳದೆ ವಾಪಸ್ ಕೊಟ್ಟ. ಆ ರಾತ್ರಿ ಇಬ್ಬರೂ ಒಟ್ಟಿಗೆ ಊಟಕ್ಕೆ ಕೂತೆವು. 2023ರಲ್ಲಿ ಡ್ರಮ್ಮರ್ ಜಾರ್ಜ್ ಬ್ರೌನ್ ಕೂಡ ಹೋದರು. ಮರುವರ್ಷ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಬಂದಾಗ, ಮೊದಲ ತಂಡದವರಲ್ಲಿ ಉಳಿದಿದ್ದವರು ರಾಬರ್ಟ್ ಒಬ್ಬರೇ.

ಕಳೆದ ಸಲ ಗುತ್ತಲು ಕಡೆ ಒಂದು ಪೆಂಡಾಲಿನಲ್ಲಿ ಗಾಯಕರು ನೀರು ಕುಡಿಯಲು ಹೋದರು. ನಾನೂ ಅಣ್ಣನೂ ಎರಡು ನಿಮಿಷ 'ಹಾಲಿವುಡ್ ಸ್ವಿಂಗಿಂಗ್' ಹಿಡಿದೆವು. ಯಾರೂ ಎದ್ದು ಕುಣಿಯಲಿಲ್ಲ. ಮುಂದಿನ ಕುರ್ಚಿಯಲ್ಲಿ ಒಬ್ಬರು ಅಜ್ಜಿ, ಮಡಿಲಲ್ಲಿ ಪ್ರಸಾದದ ದೊನ್ನೆ. ಅವರ ಬಲಗಾಲು ಮಾತ್ರ ಸರಿಯಾಗಿ ತಾಳದ ಮೊದಲ ಏಟಿಗೇ ನೆಲಕ್ಕೆ ಬೀಳುತ್ತಿತ್ತು. ಅಣ್ಣ ಕಣ್ಣಲ್ಲೇ ನನಗೆ ತೋರಿಸಿದ.